ಮುಂದಿನ ಚಕ್ರದ ಬೇರಿಂಗ್ ಬದಲಾವಣೆ: ನನ್ನ ಅನುಭವ

ಮೊದಲ ತಲೆಮಾರಿನ ನನ್ನ ಮಾಜ್ದಾ ಎಂಎಕ್ಸ್-5 ಕಾರು ಗಂಟೆಗೆ 60 ಕಿ.ಮೀ. ವೇಗ ದಾಟಿದೊಡನೆ ಮುಂಭಾಗದಲ್ಲಿ ಗುಂಯ್ ಎನ್ನುತ್ತಿತ್ತು. ಎಡಕ್ಕೆ ತಿರುಗಿಸಿದಾಗ, ಭಾರ ಬಲಚಕ್ರದ ಮೇಲೆ ಬೀಳುವುದರಿಂದ, ಸದ್ದು ಹೆಚ್ಚುತ್ತಿತ್ತು. ಟೈರುಗಳನ್ನು ಅದಲುಬದಲು ಮಾಡಿದರೂ, ವ್ಹೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೂ, ಹಬ್ಬಿನ (ಚಕ್ರವನ್ನು ಕೂರಿಸುವ ನಡುಭಾಗದ) ನಟ್ಟನ್ನು ಬಿಗಿಗೊಳಿಸಿದರೂ ಪ್ರಯೋಜನವಾಗಲಿಲ್ಲ. ಹಾಗಾಗಿ ಬಲ ಮುಂಚಕ್ರದ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ನೆರವಾಗುವ ಗುಂಡುಗಳ ಬಳೆ) ಸವೆದಿರಬೇಕು ಎಂದುಕೊಂಡೆ.

ಈ ಕಾರಿನಲ್ಲಿ ಬೇರಿಂಗ್ ಹಬ್ಬಿನೊಳಗೇ ಸೇರಿರುವುದರಿಂದ ಇಡೀ ಹಬ್ಬನ್ನೇ ಬದಲಿಸಬೇಕು. ಬೇರಿಂಗನ್ನು ಒತ್ತಿ ಕೂರಿಸುವ ಪ್ರೆಸ್ ಯಂತ್ರ ಬೇಡ ಎಂಬುದು ಮನೆಯಲ್ಲಿ ಕೆಲಸ ಮಾಡುವವರಿಗೆ ದೊಡ್ಡ ಅನುಕೂಲ. ಕಾರನ್ನು ಜ್ಯಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರ ಬಿಚ್ಚಿದ ಮೇಲೆ, ಬ್ರೇಕ್ ಹೋಸಿನ ಮೇಲೆ ಭಾರ ಬೀಳದಂತೆ ಕ್ಯಾಲಿಪರನ್ನು (ಡಿಸ್ಕನ್ನು ಅದುಮಿ ಹಿಡಿಯುವ ಬ್ರೇಕಿನ ಭಾಗ) ಬಿಚ್ಚಿ ತಂತಿಯಿಂದ ತೂಗುಹಾಕಿ, ಡಿಸ್ಕನ್ನೂ ಧೂಳುಮುಚ್ಚಳವನ್ನೂ ತೆಗೆದು, ಸಡಿಲವಾಗದಂತೆ ಬಡಿದು ಬಗ್ಗಿಸಿರುವ ನಟ್ಟಿನ ಅಂಚನ್ನು ಉಳಿಯಿಂದ ಎತ್ತಿ, ನಟ್ಟನ್ನು ಬಿಚ್ಚಿದರೆ ಹಬ್ ಸ್ಪಿಂಡಲಿನಿಂದ (ಹಬ್ ಕೂರುವ ಅಚ್ಚಿನಿಂದ) ಹೊರಬರುತ್ತದೆ. ಹೊಸ ಹಬ್ಬಿಗೆ ಹೊಸ ನಟ್ಟನ್ನೇ ಹಾಕಿ, ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಿಂದ 167–216 ನ್ಯೂಟನ್-ಮೀಟರ್ ಮಿತಿಯೊಳಗೆ ಬಿಗಿದು, ಅದರ ಅಂಚನ್ನು ಸ್ಪಿಂಡಲಿನ ಕೊರಕಲಿಗೆ ಬಡಿದು ಕೂರಿಸಿದೆ. ಸದ್ದು ಪೂರ್ತಿ ನಿಂತಿತು.