ಕುಡಿತ ಬಿಡಬೇಕು ಅಂತಿದ್ದೀರಾ? ಕಾಸರಗೋಡು ಕಡೆಯವರು ಮೀಟಿಂಗ್ ಹುಡುಕುವುದು ಹೀಗೆ

ಮೊದಲು ಒಂದು ಮಾತು. ದಿನಾ ಕುಡಿಯುವವರು, ಬೆಳಿಗ್ಗೆ ಎದ್ದಾಗ ಕೈ ನಡುಗುವವರು, ನಾಳೆಯಿಂದ ಒಂದು ಹನಿಯೂ ಮುಟ್ಟುವುದಿಲ್ಲ ಅಂತ ಕೋಣೆ ಬಾಗಿಲು ಹಾಕಿಕೊಂಡು ಕೂರಬೇಡಿ. ನಿಲ್ಲಿಸಿದ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣುವುದು, ಯಾರೋ ಕರೆದ ಹಾಗೆ ಕೇಳುವುದು ಶುರುವಾಗಬಹುದು. ಅದು ಜೀವಕ್ಕೇ ಅಪಾಯ. ಹಾಗಾಗಿ ಮೊದಲು ಡಾಕ್ಟ್ರು, ಆಮೇಲೆ ಮೀಟಿಂಗ್, ಅಂದರೆ ಕುಡಿತ ಬಿಡಲು ಹೊರಟವರು ಒಟ್ಟಿಗೆ ಕೂತು ತಮ್ಮ ಕಥೆ ಹೇಳಿಕೊಳ್ಳುವ ಗುಂಪು. ಡಾಕ್ಟ್ರ ಹತ್ತಿರ ಸರಿಯಾದ ಲೆಕ್ಕ ಹೇಳಿ, ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಯಾವಾಗ. ನಾಚಿಕೆಯಿಂದ ಕಡಿಮೆ ಹೇಳಿದರೆ ಮದ್ದೂ ಕಡಿಮೆ ಬೀಳುತ್ತದೆ.

ನಮ್ಮ ಜಿಲ್ಲೆಯಲ್ಲಿ ಕೇರಳ ಅಬಕಾರಿ ಇಲಾಖೆಯ ‘ವಿಮುಕ್ತಿ’ ಚಿಕಿತ್ಸಾ ಕೇಂದ್ರ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ಅವರ ಉಚಿತ ಸಹಾಯವಾಣಿ 14405. ಮಂಜೇಶ್ವರ, ಉಪ್ಪಳದವರಿಗೆ ಮಂಗಳೂರಿನ ಆಸ್ಪತ್ರೆಗಳೇ ಹತ್ತಿರ, ಅಲ್ಲಿಗೆ ಹೋದರೂ ಸರಿ. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು.

ಇನ್ನು ಗುಂಪು ಹುಡುಕುವ ವಿಷಯ. ನಮ್ಮ ಕಡೆಯವರಿಗೆ ಮುಖ್ಯವಾಗಿ ಎರಡು ದಾರಿ ಇವೆ. ಒಂದು ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರೂ ಎ.ಎ. ಅನ್ನುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ್ದು. ಫೀಸ್ ಇಲ್ಲ, ಅರ್ಜಿ ಇಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ಅವರ ಭಾರತದ ವೆಬ್‌ಸೈಟಿನಲ್ಲಿ ಊರು ಹಾಕಿ ಮೀಟಿಂಗ್ ಹುಡುಕಬಹುದು. ಆದರೆ ಅಲ್ಲಿರುವ ಸಮಯ ನಂಬಿ ನೇರ ಹೊರಡಬೇಡಿ. ಜಾಗ, ವಾರ ಬದಲಾಗುತ್ತಿರುತ್ತದೆ, ಮೊದಲು ಒಂದು ಫೋನ್ ಮಾಡಿ. ಇನ್ನೊಂದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ. ಶಿಬಿರ ಮುಗಿಸಿದವರು ಆಮೇಲೂ ಸೇರುತ್ತಿರಲಿ ಅಂತ ‘ನವಜೀವನ ಸಮಿತಿ’ ಮಾಡುತ್ತಾರೆ. ನಿಮ್ಮ ಊರಿನ ಸ್ವಸಹಾಯ ಸಂಘದ ಅಕ್ಕಂದಿರನ್ನು ಕೇಳಿ ನೋಡಿ, ಮುಂದಿನ ಶಿಬಿರ ಎಲ್ಲಿ ಅಂತ ಅವರಿಗೆ ಗೊತ್ತಿರುತ್ತದೆ.

ಭಾಷೆಯ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಕಾಸರಗೋಡು, ಕಾಞಂಗಾಡಿನ ಕಡೆ ಮೀಟಿಂಗಿನಲ್ಲಿ ಮಲೆಯಾಳ ಜಾಸ್ತಿ. ನಮಗೆ ಮಲೆಯಾಳ ಅರ್ಥವಾಗುತ್ತದೆ, ಬಸ್ಸಿನಲ್ಲಿ, ಅಂಗಡಿಯಲ್ಲಿ ಮಾತಾಡುತ್ತೇವೆ. ಆದರೆ ಅಪ್ಪನ ಎದುರು ಕುಡಿದು ಬಿದ್ದದ್ದನ್ನು, ಮಗಳ ಬಳೆ ಅಡವಿಟ್ಟದ್ದನ್ನು ಆ ಭಾಷೆಯಲ್ಲಿ ಹೇಳುವುದಕ್ಕೆ ಬಾಯಿ ಬರುವುದಿಲ್ಲ. ನನಗೆ ಬರಲಿಲ್ಲ. ಮೂರು ವಾರ ಸುಮ್ನೆ ಕೂತು ಬಂದೆ. ನಾಲ್ಕನೇ ವಾರ ಒಬ್ಬರು “ನೀವು ಕನ್ನಡದಲ್ಲೇ ಹೇಳಿ, ನಮಗೆ ತಿಳಿಯುತ್ತದೆ” ಅಂದರು. ಅರ್ಧ ಕನ್ನಡ, ಅರ್ಧ ತುಳುವಿನಲ್ಲಿ ಹೇಳಿದೆ, ಎಲ್ಲರೂ ತಲೆಯಾಡಿಸಿದರು. ನಿಮಗೂ ಹಾಗೆ ಅನಿಸಿದರೆ ಮೊದಲೇ ಕೇಳಿಬಿಡಿ. ಪೂರ್ತಿ ಕನ್ನಡದ ಗುಂಪೇ ಬೇಕು ಅಂದರೆ ಮಂಗಳೂರಿನಲ್ಲಿ ಸಿಗುತ್ತದೆ, ವಾಪಸ್ ಬರುವ ರೈಲಿನ ಸಮಯ ಮಾತ್ರ ನೋಡಿಕೊಂಡು ಹೋಗಿ.

ಮೀಟಿಂಗಿನಲ್ಲಿ ‘ಓಪನ್’, ‘ಕ್ಲೋಸ್ಡ್’ ಅಂತ ಎರಡು ಬಗೆ. ಓಪನ್‌ಗೆ ಹೆಂಡತಿ, ಅಣ್ಣ, ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಮನೆಯವರಿಗೆ ಅಂತಲೇ ಅಲ್-ಅನಾನ್ ಅನ್ನುವ ಬೇರೆ ಗುಂಪಿದೆ. ಗಂಡ ಇನ್ನೂ ಒಪ್ಪದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು.

ಮೊದಲ ದಿನ ಕಷ್ಟ ಇರುವುದು ಬಾಗಿಲ ಹತ್ತಿರ. ನಾನು ರಸ್ತೆಯ ಆಚೆ ನಿಂತು ಹೊರಗಿದ್ದ ಚಪ್ಪಲಿ ಎಣಿಸಿದೆ, ಏಳು ಜೊತೆ. ಪರಿಚಯದವರ ಚಪ್ಪಲಿ ಇದೆಯಾ ಅಂತಲೂ ನೋಡಿದೆ. ಒಳಗೆ ಹೋದರೆ ನಿಜವಾಗಿಯೂ ಒಬ್ಬರು ಪರಿಚಯದವರಿದ್ದರು, ನಮ್ಮ ಅಡಿಕೆ ವ್ಯಾಪಾರದವರು. ಅವರು ಬಂದದ್ದೂ ಅದಕ್ಕೇ ಅಲ್ವಾ? ಅಲ್ಲಿ ಕಂಡವರ ಹೆಸರು, ಕೇಳಿದ ಮಾತು ಹೊರಗೆ ಹೇಳಬಾರದು ಅನ್ನುವುದು ಗುಂಪಿನ ಕಟ್ಟುನಿಟ್ಟು. ಇವತ್ತಿನವರೆಗೆ ಅವರು ಪೇಟೆಯಲ್ಲಿ ಸಿಕ್ಕಿದರೆ ಅಡಿಕೆ ರೇಟು ಮಾತ್ರ ಮಾತಾಡುತ್ತಾರೆ.

ಅವತ್ತು ಚಹಾ ಕೊಟ್ಟವರು ನನಗೆ ಲೋಟದಲ್ಲಿ ಅರ್ಧವೇ ಹಾಕಿದರು. ಉಳಿದವರಿಗೆಲ್ಲ ತುಂಬ ಇತ್ತು. ಲೋಟ ಎತ್ತಿದಾಗ ಗೊತ್ತಾಯಿತು, ಕೈ ನಡುಗಿದರೂ ಚೆಲ್ಲಬಾರದು ಅಂತ.

ಒಂದು, ಒಂದೂವರೆ ಗಂಟೆ ನಡೆಯುತ್ತದೆ. ಮಾತಾಡಲೇಬೇಕು ಅಂತಿಲ್ಲ, ಹೆಸರು ಹೇಳಿ ಕೇಳುತ್ತಾ ಕೂತರೆ ಸಾಕು. ಕೊನೆಗೆ ಹಣ ಕೂಡಿಸುತ್ತಾರೆ, ಅದು ಬಾಡಿಗೆಗೆ, ಚಹಾಕ್ಕೆ. ಹೊಸಬರು ಹಾಕದಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ದೇವರ ಮಾತು ಬರುತ್ತದೆ, ನಿಮ್ಮ ದೇವರು ಯಾರು ಅಂತ ಯಾರೂ ಕೇಳುವುದಿಲ್ಲ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ನಡುವೆ ಕುಡಿದುಬಿಟ್ಟರೂ ಮತ್ತೆ ಹೋಗಿ, ಬಾಗಿಲು ಹಾಕುವುದಿಲ್ಲ.

ಹೊರಡುವ ಮೊದಲು ಇಬ್ಬರ ನಂಬರ್ ತೆಗೆದುಕೊಳ್ಳಿ. ಸಂಜೆ ಗಡಂಗಿನ ಕಡೆ ಕಾಲು ಎಳೆಯುವ ಹೊತ್ತಿಗೆ ಫೋನ್ ಮಾಡಿ, ಕುಡಿದ ಮೇಲಲ್ಲ, ಮೊದಲೇ. ನಾನು ಮೊದಲ ಸಲ ಫೋನ್ ಮಾಡಿದಾಗ ಗಂಟೆ ಏಳಾಗಿತ್ತು, ಏನು ಹೇಳುವುದು ಅಂತ ತೋಚಲಿಲ್ಲ. ಅವರೇ ಕೇಳಿದರು, “ಏನಾದರೂ ತಿಂದಿದ್ದೀರಾ?” ಇಲ್ಲ ಅಂದೆ. “ಹೊಟ್ಟೆ ಖಾಲಿ ಇದ್ದರೆ ಅದು ಜಾಸ್ತಿ ಎಳೆಯುತ್ತದೆ. ಮೊದಲು ಊಟ ಮಾಡಿ. ಫೋನ್ ಇಡಬೇಡಿ, ಉಣ್ಣುತ್ತಾ ಮಾತಾಡುವ.”