ರೂಟ್ ಕೆನಾಲ್: ನೋವು ಹೋಯ್ತೆಂದು ಅರ್ಧಕ್ಕೆ ಬಿಡಬೇಡಿ

ರೂಟ್ ಕೆನಾಲ್ ಎಂದರೆ ಹಲ್ಲಿನೊಳಗಿನ ಕೆಟ್ಟ ತಿರುಳು ತೆಗೆದು, ಬೇರಿನ ಒಳಭಾಗ ಸ್ವಚ್ಛ ಮಾಡಿ ತುಂಬುವ ಚಿಕಿತ್ಸೆ. ಮೊದಲ ಸಿಟ್ಟಿಂಗ್‌ನಲ್ಲೇ ನೋವು ಇಳಿಯುತ್ತದೆ. ಬಹಳ ಜನ ಎಡವುವುದೇ ಅಲ್ಲಿ. ಹಲ್ಲಿನ ಮೇಲಿರುವ ಬಿಳಿ ಸಿಮೆಂಟು ತಾತ್ಕಾಲಿಕ. ವಾರಗಟ್ಟಲೆ ಬಿಟ್ಟರೆ ಸವೆದು, ಅಂಚಿನಿಂದ ಜೊಲ್ಲು ಒಳಗಿಳಿದು, ಸ್ವಚ್ಛ ಮಾಡಿದ ಬೇರಿಗೆ ಮತ್ತೆ ಸೋಂಕು ತಗಲುತ್ತದೆ. ದವಡೆ ಹಲ್ಲಿಗೆ ಸಾಮಾನ್ಯವಾಗಿ ಕ್ಯಾಪ್ (ಮೇಲೆ ಕೂರಿಸುವ ಗಟ್ಟಿ ಕವಚ) ಬೇಕೇ ಬೇಕು. ಒಳಗೆ ಕೊರೆದ ಹಲ್ಲು ಗಟ್ಟಿ ಚಕ್ಕುಲಿ ಕಚ್ಚಿದಾಗ ಸೀಳಬಹುದು. ಸೀಳು ಬೇರಿಗಿಳಿದರೆ ಬಹುತೇಕ ಕೀಳುವುದೇ ದಾರಿ. ಕ್ಯಾಪ್ ಕೂರುವವರೆಗೆ ಇನ್ನೊಂದು ಬದಿಯಲ್ಲೇ ಅಗಿಯಿರಿ.

ಇಂಜೆಕ್ಷನ್‌ನಿಂದ ಬಾಯಿ ಮರಗಟ್ಟಿದ್ದು ಬಿಡುವ ತನಕ ಊಟ ಬೇಡ, ಕೆನ್ನೆ ಕಚ್ಚಿಕೊಂಡರೂ ಗೊತ್ತಾಗದು. ಕೆಲವು ದಿನ ಅಗಿಯುವಾಗ ಸ್ವಲ್ಪ ನೋವು ಸಹಜ. ಊತ ಏರಿದರೆ, ಜ್ವರ ಬಂದರೆ ಕಾಯದೆ ಹೋಗಿ. ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗಿದರೂ ಹೇಳಿ, ಎತ್ತರದ ಫಿಲ್ಲಿಂಗ್ ತೇಯುವುದು ಕೆಲವೇ ನಿಮಿಷದ ಕೆಲಸ. ಬರೀ ಆ್ಯಂಟಿಬಯೋಟಿಕ್ ನುಂಗಿ ಚಿಕಿತ್ಸೆ ಮುಂದೂಡಬೇಡಿ: ಸತ್ತ ತಿರುಳಿಗೆ ರಕ್ತವೇ ಹರಿಯದು, ಮಾತ್ರೆ ಅಲ್ಲಿಗೆ ತಲುಪುವುದಿಲ್ಲ.