11 ಗೆರೆ ಕಂಡವು, ಪಿಸಿಆರ್ ಮಾತ್ರ ಖಾಲಿ

ಕರುಗಳ ಭೇದಿ ಸ್ಯಾಂಪಲ್ ನೋಡುವುದು ನನ್ನ ದಿನನಿತ್ಯದ ಕೆಲಸ. ಜಾಸ್ತಿ ಹುಡುಕುವುದು ಎರಡನ್ನೇ, ರೋಟಾ ವೈರಸ್ ಮತ್ತು ದನದ ಕೊರೊನಾ ವೈರಸ್. (ನಮ್ಮನ್ನೆಲ್ಲ ಮನೆಯಲ್ಲಿ ಕೂರಿಸಿದ ಕೊರೊನಾ ಬೇರೆ, ಇದು ಬೇರೆ.)

ಆ ಸಲ ದೊಡ್ಡಬಳ್ಳಾಪುರದ ಕಡೆ ಒಂದು ಕೊಟ್ಟಿಗೆಗೆ ಹೋಗಿದ್ದೆ. ಎಂಟು ದಿನದ ಎಚ್‌ಎಫ್ ಮಿಶ್ರತಳಿ ಕರು. ಬಾಲ, ಹಿಂಗಾಲಿಗೆಲ್ಲ ಹಳದಿ ಮೆತ್ತಿಕೊಂಡಿತ್ತು, ಕಣ್ಣು ಗುಳಿ ಬಿದ್ದಿದ್ದವು.

"ಯಾವಾಗಿಂದ ಅಕ್ಕ?"

"ನಿನ್ನೆ ಸಂಜೆಯಿಂದ ಡಾಕ್ಟ್ರೇ. ಔಷಧಿ ಏನೂ ಹಾಕಿಲ್ಲ."

ಇಂಥ ಸ್ಯಾಂಪಲ್ ಸಿಗುವುದೇ ಅಪರೂಪ. ಭೇದಿ ಶುರುವಾದ ಮೊದಲ ಒಂದೆರಡು ದಿನ ಸಗಣಿಯಲ್ಲಿ ವೈರಸ್ ತುಂಬಿರುತ್ತದೆ. ಐದಾರು ದಿನ ಕಳೆದ ಮೇಲೆ ತಂದುಕೊಟ್ಟರೆ ನಾವು ಸುಮ್ನೆ ನೀರು ಪರೀಕ್ಷೆ ಮಾಡಿದ ಹಾಗೆ. ನೆಲದ ಮೇಲಿನದನ್ನು ನಾನು ಎತ್ತುವುದಿಲ್ಲ. ಕೈಗವಸಿನ ಬೆರಳು ಒದ್ದೆ ಮಾಡಿಕೊಂಡು ಗುದದೊಳಗೆ ಮೆಲ್ಲಗೆ ಸವರಿದರೆ ಕರು ತಾನೇ ತಿಣುಕುತ್ತದೆ. ಅಗಲ ಬಾಯಿಯ ಡಬ್ಬಿ ಹಿಡಿದರೆ ಆಯಿತು, ಐದರಿಂದ ಹತ್ತು ಗ್ರಾಂ ಸಾಕು. ಹೆಸರು ಬರೆಯುವುದು ಪೆನ್ಸಿಲ್‌ನಲ್ಲಿ. ಐಸ್ ಕರಗಿ ಶಾಯಿಯೆಲ್ಲ ಅಳಿಸಿಹೋಗಿ, ಯಾವ ಡಬ್ಬಿ ಯಾರದು ಅಂತ ಗೊತ್ತಾಗದೆ ಒಮ್ಮೆ ತಲೆ ಕೆರೆದುಕೊಂಡಿದ್ದೇನೆ. ಅದೇ ಕೊಟ್ಟಿಗೆಯ ಆರೋಗ್ಯವಾಗಿರುವ ಕರುವಿನದನ್ನೂ ತೆಗೆದುಕೊಂಡೆ. ಭೇದಿ ಇಲ್ಲದ ಕರುವೂ ರೋಟಾ ಹೊರಹಾಕುವುದುಂಟು, ಹೋಲಿಸಿ ನೋಡಲು ಅದು ಬೇಕು.

ಲ್ಯಾಬ್‌ನಲ್ಲಿ ಒಂದು ಗ್ರಾಂ ಸಗಣಿಗೆ ಒಂಬತ್ತು ಎಂ.ಎಲ್. ಪಿಬಿಎಸ್ ಎಂಬ ಉಪ್ಪಿನ ದ್ರಾವಣ ಸೇರಿಸಿ ಕದಡಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ತಿಳಿ ತೆಗೆದೆ. ಫೀನಾಲ್-ಕ್ಲೋರೋಫಾರ್ಮ್‌ನಲ್ಲಿ ವೈರಸ್‌ನ ವಂಶವಾಹಿಯಾದ ಆರ್‌ಎನ್‌ಎ ಬೇರ್ಪಡಿಸಿ, ಅದರ ತುಂಡುಗಳನ್ನು ಗಾತ್ರದ ಪ್ರಕಾರ ಬಿಡಿಸಿ ತೋರಿಸುವ ಪೇಜ್ ಜೆಲ್ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಸಿಲ್ವರ್ ನೈಟ್ರೇಟ್ ಬಣ್ಣ ಹಾಕಿ ತಟ್ಟೆ ಅಲ್ಲಾಡಿಸುತ್ತಾ ನಿಂತೆ. ಮೊದಲು ಏನೂ ಇಲ್ಲ. ಆಮೇಲೆ ಕಂದು ಗೆರೆಗಳು ಒಂದೊಂದಾಗಿ ಏಳತೊಡಗಿದವು. ಮೇಲೆ ನಾಲ್ಕು, ಕೆಳಗೆ ಎರಡು, ಆಮೇಲೆ ಒತ್ತೊತ್ತಾಗಿ ಮೂರು, ಕೊನೆಗೆ ಎರಡು. ಒಟ್ಟು 11, ರೋಟಾದ ಆರ್‌ಎನ್‌ಎಯ ಒಂದೊಂದು ತುಂಡಿಗೆ ಒಂದೊಂದು ಗೆರೆ. ಎ ಗುಂಪಿನ ರೋಟಾದ ಗುರುತೇ ಇದು. ಎಷ್ಟು ಸಲ ನೋಡಿದರೂ ನನಗೆ ಖುಷಿಯೇ.

ವೈರಸ್ ಕಡಿಮೆಯಿದ್ದರೆ ಪೇಜ್‌ನಲ್ಲಿ ಕಾಣುವುದಿಲ್ಲ. ಹಾಗಾಗಿ ಎಲ್ಲವನ್ನೂ ಆರ್‌ಟಿ-ಪಿಸಿಆರ್‌ಗೂ ಹಾಕಿದೆ. ಅದು ಆರ್‌ಎನ್‌ಎಯನ್ನು ಮೊದಲು ಡಿಎನ್‌ಎಗೆ ನಕಲು ಮಾಡಿ, ಆ ನಕಲನ್ನು ಮತ್ತೆ ಮತ್ತೆ ಹೆಚ್ಚಿಸುತ್ತದೆ. ರೋಟಾಗೆ ವಿಪಿ6 ಎಂಬ ಜೀನ್‌ನ ಪ್ರೈಮರ್ (ಆ ಜೀನ್ ಹುಡುಕಿ ಅಂಟಿಕೊಳ್ಳುವ ಪುಟ್ಟ ಡಿಎನ್‌ಎ ತುಣುಕು). ಕೊರೊನಾ ಒಂದು ಸ್ಯಾಂಪಲ್‌ನಲ್ಲಿ ಚೆನ್ನಾಗಿ ಬಂತು. ರೋಟಾ ಒಂದರಲ್ಲೂ ಇಲ್ಲ! 11 ಗೆರೆ ಕಣ್ಣಾರೆ ಕಂಡ ಸ್ಯಾಂಪಲ್ಲೂ ಖಾಲಿ.

ಸಗಣಿಯಲ್ಲಿರುವ ಪಿತ್ತದ ಲವಣ, ಮತ್ತಿತರ ಕಸ ಪಿಸಿಆರ್‌ಗೆ ಅಡ್ಡಿ ಮಾಡುತ್ತವೆ. ಅದೇ ಇರಬೇಕೆಂದು ಆರ್‌ಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ಹಾಕಿದೆ. ಖಾಲಿ. ಪ್ರೈಮರ್ ಮೇಲೆ ಅನುಮಾನ ಪಡೋಣವೆಂದರೆ ಪಾಸಿಟಿವ್ ಕಂಟ್ರೋಲ್ (ಬಂದೇ ಬರಬೇಕೆಂದು ಜೊತೆಗಿಟ್ಟ ಮಾದರಿ) ಥಳಥಳ ಹೊಳೆಯುತ್ತಿದೆ. ಎರಡು ದಿನ ಹೀಗೇ ಹೋಯಿತು.

ಮೂರನೇ ದಿನ ಟೀ ಕುಡಿಯುವಾಗ ಹೊಳೆಯಿತು. ರೋಟಾದ್ದು ಎರಡೆಳೆ ಆರ್‌ಎನ್‌ಎ. ಎಳೆ ಬಿಡಿಸದೆ ಪ್ರೈಮರ್ ಎಲ್ಲಿ ಅಂಟಬೇಕು? 95 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು, ಥಟ್ಟನೆ ಐಸ್ ಮೇಲಿಡಬೇಕಿತ್ತು. ನಾನೋ ಒಂದೆಳೆಯ ಕೊರೊನಾಗೆ ಬರೆದಿಟ್ಟ ವಿಧಾನವನ್ನೇ ಎರಡಕ್ಕೂ ಓಡಿಸಿದ್ದೆ. ಇನ್ನು ಆ ಕಂಟ್ರೋಲ್ ಇತ್ತಲ್ಲ, ಅದು ಪ್ಲಾಸ್ಮಿಡ್ ಡಿಎನ್‌ಎ, ಅಂದರೆ ರೋಟಾದ ಜೀನ್ ಸೇರಿಸಿದ ದುಂಡನೆಯ ಡಿಎನ್‌ಎ. ಅದಕ್ಕೆ ಈ ಹಂತದ ಗೊಡವೆಯೇ ಇಲ್ಲ, ನನ್ನ ತಪ್ಪನ್ನು ಚೆನ್ನಾಗಿ ಮುಚ್ಚಿಟ್ಟಿತ್ತು. ಬಿಸಿ ಮಾಡಿ ಹಾಕಿದೆ, ಅಕ್ಕನ ಕರುವಿನ ಸ್ಯಾಂಪಲ್‌ನಲ್ಲಿ 379 ಬೇಸ್ ಉದ್ದದ ಬ್ಯಾಂಡ್ (ಗೆರೆ) ಬಂತು, ರೋಟಾ ಇದ್ದರೆ ಬರಬೇಕಾದದ್ದೇ ಅದು. ಆರೋಗ್ಯವಾಗಿದ್ದ ಕರುವಿನದರಲ್ಲೂ ಬಂತು, ಮಂಕಾಗಿ. ಈಗ ರೋಟಾ ಇದೆಯೆಂದು ಗೊತ್ತಿರುವ ಹಳೇ ಸಗಣಿಯನ್ನೇ ಕಂಟ್ರೋಲ್ ಮಾಡಿಕೊಂಡು, ಮೊದಲ ಹಂತದಿಂದ ಜೊತೆಗೇ ಓಡಿಸುತ್ತೇನೆ.

ವರದಿ ಹಿಡಿದು ಹೋಗುವಷ್ಟರಲ್ಲಿ ಕರು ಉಪ್ಪು-ಸಕ್ಕರೆ ನೀರಿನಲ್ಲೇ ಚೇತರಿಸಿಕೊಂಡು ಕುಣಿಯುತ್ತಿತ್ತು. ಆದರೆ ಪಕ್ಕದಲ್ಲೇ ಇನ್ನೊಂದು ಹಸು ತುಂಬಿದ ಗಬ್ಬ. ಹುಟ್ಟುವ ಕರುವನ್ನು ಬೇರೆ ಜಾಗದಲ್ಲಿ ಕಟ್ಟಿ, ಹುಟ್ಟಿದ ಒಂದೆರಡು ಗಂಟೆಯೊಳಗೆ ಹೊಟ್ಟೆ ತುಂಬ ಗಿಣ್ಣು ಹಾಲು ಕುಡಿಸಿ, ಮಿಕ್ಕಿದ್ದನ್ನು ಫ್ರಿಜ್‌ನಲ್ಲಿಟ್ಟು ಮುಂದಿನ ದಿನಗಳಲ್ಲೂ ಹಾಲಿನ ಜೊತೆ ಸ್ವಲ್ಪ ಸ್ವಲ್ಪ ಕೊಡಿ ಎಂದೆ.

"ಹಂಗಾದ್ರೆ ಈ ಸಲ ಬೀದಿಗೆ ಗಿಣ್ಣು ಹಂಚಂಗಿಲ್ಲ ಅನ್ನಿ," ಅಂದರು ಅಕ್ಕ. "ನಿಮಗೂ ಇಲ್ಲ ಡಾಕ್ಟ್ರೇ."